ಹದಿಮೂರು ತಾರೀಕುಗಳು

ಶೈಲಜಾಳ ಮೇಜಿನ ಮೇಲೆ ಕಂಪ್ಯೂಟರಿನ ಪಕ್ಕದಲ್ಲಿ ಒಂದು ಹಳೆಯ ಬಟನ್ ಫೋನು ಸದಾ ಇರುತ್ತಿತ್ತು. ಅದರ ನಂಬರನ್ನು ಗಂಗಾವತಿ ಸುತ್ತಲಿನ ಸಾವಿರಾರು ರೈತರು ಬಲ್ಲರು. ಸುಗ್ಗಿಯಲ್ಲಿ ಎಲ್ಲರೂ ಒಂದೇ ದಿನ ಭತ್ತ ತಂದರೆ ಅಕ್ಕಿ ಮಿಲ್ಲಿನ ಮುಂದಿನ ರಸ್ತೆ ಟ್ರ್ಯಾಲಿಗಳಿಂದ ತುಂಬಿಹೋಗುತ್ತದೆ. ಹಾಗಾಗಬಾರದೆಂದು ರೈತರು ಮೊದಲೇ ಹೆಸರು ಬರೆಸುತ್ತಾರೆ; ಯಾರು ಯಾವ ದಿನ ಬರಬೇಕೆಂದು ಒಂದು ಪ್ರೋಗ್ರಾಂ ನಿರ್ಧರಿಸಿ, ಎರಡು ದಿನ ಮೊದಲು ಸಂಜೆ ನಾಲ್ಕಕ್ಕೆ ಟೋಕನ್ ಮೆಸೇಜು ಕಳಿಸುತ್ತದೆ. ಮೆಸೇಜಿನ ಕೊನೆಯಲ್ಲಿ ಈ ಫೋನಿನ ನಂಬರು. ಪ್ರೋಗ್ರಾಂ ಬರೆದವಳು ಶೈಲಜಾ. ಎಂಟು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿರುವವಳೂ ಅವಳೇ.

ಅವಳಿಗೀಗ ಏಳು ತಿಂಗಳು. ಆ ಶನಿವಾರ ಸಂಜೆ ಯಲಬುರ್ಗಾದ ತವರಿಗೆ ಹೊರಡುವವಳಿದ್ದಳು. ಮರಳಿ ಬರುವುದು ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ ಟೋಕನ್ ಪ್ರೋಗ್ರಾಂ ಯಾರ ಕೈಯಲ್ಲಿರಬೇಕೆಂಬುದನ್ನು ಮಿಲ್ಲುಗಳಿಗೆ ಪ್ರೋಗ್ರಾಂ ಬರೆದುಕೊಡುವ ಅವರ ಆಫೀಸಿನ ಮಾಲೀಕ ಪ್ರಭುರಾಜ ಅವಳಿಗೇ ಬಿಟ್ಟಿದ್ದ. ಶನಿವಾರ ಅವಳು ಫೋನನ್ನು ಕಿರಿಯ ಸಹೋದ್ಯೋಗಿ ಕಲ್ಲೇಶನಿಗೆ ಕೊಟ್ಟರೆ ಪ್ರೋಗ್ರಾಂ ಕಲ್ಲೇಶನದು. ಅವಳಿಗೆ ಧೈರ್ಯ ಬಾರದಿದ್ದರೆ ಆರು ತಿಂಗಳ ಮಟ್ಟಿಗೆ ಹೈದರಾಬಾದಿನ ಒಂದು ಕಂಪನಿಗೆ ವಹಿಸುವುದೆಂದು ಅವರೊಂದಿಗೆ ಮಾತಾಡಿಯೂ ಇಟ್ಟಿದ್ದ.

ಕಲ್ಲೇಶನಿಗೆ ಇದು ಸಣ್ಣ ವಿಷಯವಾಗಿರಲಿಲ್ಲ. ಕುಷ್ಟಗಿಯಲ್ಲಿ ಭೌತವಿಜ್ಞಾನದ ಬಿ.ಎಸ್ಸಿ. ಮುಗಿಸಿ ಈ ಆಫೀಸಿಗೆ ಸೇರಿ ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ಅವನು ಹೆಚ್ಚಾಗಿ ಮಾಡಿದ್ದು ಮಿಲ್ಲುಗಳಿಗೆ ಹೋಗಿ ಪ್ರಿಂಟರ್ ಸರಿಪಡಿಸುವುದು, ತೂಕದ ಚೀಟಿಯಲ್ಲಿ ಹೆಸರು ಎಡಕ್ಕೆ ಸರಿಸುವುದು, ಬಲಕ್ಕೆ ಸರಿಸುವುದು. ಇದು ನನ್ನದು ಎಂದು ತೋರಿಸುವಂಥ ಪ್ರೋಗ್ರಾಂ ಒಂದೂ ಇರಲಿಲ್ಲ.

ಆಫೀಸು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಮೇಲಿನ ಮಹಡಿ. ಕೆಳಗೆ ಸುತ್ತಿಗೆಯ ಸದ್ದು, ಕಿಟಕಿಯಿಂದ ಹೊಟ್ಟಿನ ಬೂದಿ. ಸೋಮವಾರ ಮಧ್ಯಾಹ್ನ ಕರೆಂಟು ಹೋಗಿ ಯುಪಿಎಸ್ ಕೂಗತೊಡಗಿದಾಗ ಮೂವರೂ ಕೆಲಸ ಉಳಿಸಿ, ಕುರ್ಚಿ ಹಿಂದೆ ಸರಿಸಿ, ಚಹಾ ತರಿಸಿದರು. ಮಾತು ದಿನದಂತೆ ತಾಪತ್ರಯಗಳಿಂದ ಶುರುವಾಯಿತು. ಫೋನಿನ ಆ್ಯಪುಗಳನ್ನು ಮಾಡುವ ಸುರೇಖಾ, ಕಾರಟಗಿ ಕಡೆಯ ಮಿಲ್ಲಿನ ಮಾಲೀಕರೊಬ್ಬರು ಕಳಿಸಿದ್ದ ಏಳು ನಿಮಿಷದ ಧ್ವನಿ ಸಂದೇಶದ ಕಥೆ ಹೇಳಿದಳು. ಆರೂವರೆ ನಿಮಿಷ ಅವರು ಯಾರೊಂದಿಗೋ ಲಾರಿಯ ಬಗ್ಗೆ ಮಾತಾಡಿದ್ದರು; ಕೊನೆಗೆ ಒಂದು ಸಣ್ಣ ಬದಲಾವಣೆ ಐತ್ರಿ ಎಂದಿದ್ದರು; ಬದಲಾವಣೆ ಏನೆಂದು ಹೇಳುವ ಮೊದಲೇ ಸಂದೇಶ ಮುಗಿದಿತ್ತು. ಕಲ್ಲೇಶ ತನ್ನದನ್ನು ಸೇರಿಸಿದ. ತೂಕದ ಕಂಪ್ಯೂಟರಿನ ಪಾಸ್‌ವರ್ಡ್ ಗುಟ್ಟಾಗಿರಲಿ ಎಂದು ಹೇಳಿ ಬಂದಿದ್ದಕ್ಕೆ, ಮಿಲ್ಲಿನವರು ಅದನ್ನು ಮಾನಿಟರಿನ ಮುಂದಲ್ಲದೆ ಹಿಂದೆ ಅಂಟಿಸಿದ್ದರಂತೆ.

ಅಲ್ಲಿಂದ ಮಾತು ಹೊಸ ಟೂಲಿಗೆ ಬಂತು. ಪ್ರೋಗ್ರಾಂ ಓದಿ, ತಿದ್ದಿ, ಕೇಳಿದ್ದನ್ನು ಬರೆದುಕೊಡುವ ಈ ಎಐ ಟೂಲನ್ನು ಪ್ರಭುರಾಜ ಹೋದ ತಿಂಗಳು ತಂದಿದ್ದ. ಕಲ್ಲೇಶ ಅದರ ಭಕ್ತನಾಗಿದ್ದ. ಎರಡು ದಿನದ ಕೆಲಸ ಊಟದ ಹೊತ್ತಿಗೆ ಮುಗಿಯುತ್ತದೆ ಎಂದ. ಸುರೇಖಾ ಅದಕ್ಕೊಂದು ಹೆಸರಿಟ್ಟಿದ್ದಳು.

"ಹೊಸ ಅಳಿಯಾ ಇದ್ದಂಗ ಐತಿ ಅದು. ನಾವ್ ಏನ್ ಕೇಳಿದ್ರೂ ಭಾಳ ಛಲೋ ಪ್ರಶ್ನಿ ಅಂತೈತಿ. ತಪ್ಪು ತೋರಿಸಿದ್ರ ನೀವು ಹೇಳಿದ್ದ ಖರೆ ಅಂತೈತಿ. ಉಂಡು ಎದ್ದ ಮ್ಯಾಲೆ ಮತ್ತ ಅದ ತಪ್ಪು ಮಾಡತೈತಿ."

ಶೈಲಜಾ ನಕ್ಕಳು. ಅವಳು ಟೂಲನ್ನು ಬಳಸುತ್ತಿದ್ದಳು, ಆದರೆ ಅದು ಬರೆದ ಪ್ರತಿ ಸಾಲನ್ನೂ ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಓದುತ್ತಿದ್ದಳು. "ನನಗ ಗೊತ್ತಿಲ್ಲ ಅಂತ ಅದು ಯಾವತ್ತರ ಅಂದೈತೇನು?" ಎಂದು ಕೇಳಿದಳು. ಅಷ್ಟರಲ್ಲಿ ಕರೆಂಟು ಬಂತು.

ಶನಿವಾರದೊಳಗೆ ಟೋಕನ್ ಪ್ರೋಗ್ರಾಮನ್ನು ಪೂರ್ತಿ ಓದಿ ಅರ್ಥ ಮಾಡಿಕೋ ಎಂದು ಶೈಲಜಾ ಹೇಳಿದ್ದಳು. ಕಲ್ಲೇಶ ಓದುತ್ತ ಹೋದಂತೆ ಒಂದು ಜಾಗದಲ್ಲಿ ಹದಿಮೂರು ತಾರೀಕುಗಳ ಪಟ್ಟಿ ಸಿಕ್ಕಿತು. ಆ ದಿನಗಳಿಗೆ ಟೋಕನ್ ಕೊಡಬಾರದೆಂದಷ್ಟೇ ಪ್ರೋಗ್ರಾಂ ಹೇಳುತ್ತಿತ್ತು. ಏಕೆಂದು ಎಲ್ಲಿಯೂ ಬರೆದಿರಲಿಲ್ಲ. ತಾರೀಕುಗಳು ಯುಗಾದಿಯಿಂದ ಯುಗಾದಿಗೆ, ಕೈಯಿಂದ ಟೈಪು ಮಾಡಿದಂಥವು. ಅವನು ಟೂಲನ್ನು ಕೇಳಿದ. ಅರ್ಧ ನಿಮಿಷದಲ್ಲಿ ಉತ್ತರ ಬಂತು: ಇವುಗಳಲ್ಲಿ ಹನ್ನೆರಡು ಅಮಾವಾಸ್ಯೆಯ ಆಸುಪಾಸಿನಲ್ಲಿವೆ, ಸೂರ್ಯ ಚಂದ್ರರ ಚಲನೆಯಿಂದ ಅಮಾವಾಸ್ಯೆಯನ್ನು ಲೆಕ್ಕ ಹಾಕಬಹುದು, ಹಾಗೆ ಮಾಡಿದರೆ ಪ್ರತಿ ವರ್ಷ ಪಟ್ಟಿ ಬರೆಯುವ ಅಗತ್ಯ ಇರುವುದಿಲ್ಲ, ಬರೆದುಕೊಡಲೇ?

ಅಮಾವಾಸ್ಯೆ ಎಂದೊಡನೆ ಅವನಿಗೆ ಹೊಳೆಯಿತು. ಅಮಾವಾಸ್ಯೆಗೆ ಮಿಲ್ಲಿನ ಹಮಾಲರು ಚೀಲ ಎತ್ತುವುದಿಲ್ಲ. ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ ಅದು? ಗೊತ್ತಿದ್ದುದಕ್ಕೇ ಶೈಲಜಾ ಕಾರಣ ಬರೆದಿರಲಿಲ್ಲ.

ಟೂಲು ಬರೆದುಕೊಟ್ಟ ಲೆಕ್ಕ ಚೆಲುವಾಗಿತ್ತು. ಚಂದ್ರನ ಪಥದ ಓರೆಕೋರೆಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು, ಸೂರ್ಯ ಚಂದ್ರ ಒಂದೇ ನೇರಕ್ಕೆ ಬರುವ ಕ್ಷಣವನ್ನು ನಿಮಿಷದ ಮಟ್ಟಿಗೆ ಹೇಳುತ್ತಿತ್ತು. ಕಲ್ಲೇಶ ಅದನ್ನು ಎರಡು ಸಲ ಓದಿ, ಹಳೆಯ ಪಟ್ಟಿಯ ಜೊತೆ ಹೋಲಿಸಿದ. ಒಂಬತ್ತು ತಾರೀಕು ಸರಿಯಾಗಿ ಹೊಂದಿದವು. ಮೂರು ಒಂದೊಂದು ದಿನ ತಪ್ಪಿದವು. ಹದಿಮೂರನೆಯದು, ಜುಲೈ ಹದಿನೇಳು, ಯಾವ ಅಮಾವಾಸ್ಯೆಯ ಹತ್ತಿರವೂ ಇರಲಿಲ್ಲ. ಟೂಲು ಅದನ್ನು ಪ್ರಾಯಶಃ ತಪ್ಪಾಗಿ ಸೇರಿದ್ದು ಎಂದಿತು.

ತಪ್ಪಿದ ಮೂರನ್ನೂ ಅವನು ಒಂದು ಕ್ಷಣ ನೋಡಿದ. ಮೂರೂ ಒಂದೇ ಕಡೆ ತಪ್ಪಿದ್ದವು: ಶೈಲಜಾಳ ತಾರೀಕು ಲೆಕ್ಕಕ್ಕಿಂತ ಒಂದು ದಿನ ಮೊದಲು. ಕುಷ್ಟಗಿಯ ಪ್ರಯೋಗಶಾಲೆಯಲ್ಲಿ ತಂತಿಯ ದಪ್ಪ ಅಳೆಯುವಾಗ ಮೇಷ್ಟ್ರು ಹೇಳುತ್ತಿದ್ದುದು ಅವನಿಗೆ ಗೊತ್ತಿತ್ತು. ಕೈತಪ್ಪು ಎರಡೂ ಕಡೆ ಚದುರುತ್ತದೆ. ತಪ್ಪುಗಳೆಲ್ಲ ಒಂದೇ ಕಡೆ ವಾಲಿದರೆ ಅದಕ್ಕೊಂದು ಕಾರಣ ಇರುತ್ತದೆ, ಹುಡುಕು. ಆ ಮಾತು ಮನಸ್ಸಿನ ಬಾಗಿಲವರೆಗೆ ಬಂದಿತ್ತು. ಅಷ್ಟರಲ್ಲಿ ಮಿಲ್ಲೊಂದರಿಂದ ಪ್ರಿಂಟರಿನ ಕರೆ ಬಂತು. ಕರೆ ಮುಗಿಸಿ ಕುಳಿತಾಗ, ಕೈಯಿಂದ ಬರೆದ ಪಟ್ಟಿಯಲ್ಲಿ ನಾಲ್ಕು ತಪ್ಪು ಹೆಚ್ಚೇನಲ್ಲ ಅನ್ನಿಸಿತು. ಅವನು ಪಟ್ಟಿಯನ್ನು ಅಳಿಸಿ ಲೆಕ್ಕವನ್ನು ಹಾಕಿದ. ಶೈಲಜಾಳಿಗೆ ಹೇಳಲಿಲ್ಲ. ಶನಿವಾರ ತೋರಿಸಿ ಬೆರಗುಗೊಳಿಸುವ ಆಸೆ ಇತ್ತು.

ನಾಲ್ಕಕ್ಕೆ ಬುಧವಾರದ ಮೂವತ್ತೊಂದು ಟೋಕನ್ ಹೋದವು.

ಮಂಗಳವಾರ ಶೈಲಜಾ ತಪಾಸಣೆಗೆ ಕೊಪ್ಪಳಕ್ಕೆ ಹೋಗಿದ್ದಳು. ಫೋನು ಕಲ್ಲೇಶನ ಮೇಜಿನ ಮೇಲಿತ್ತು. ಒಂಬತ್ತಕ್ಕೆ ಅದು ಬಡಿದುಕೊಂಡಿತು. ಮಿಲ್ಲಿನ ಹಮಾಲರ ಮೇಸ್ತ್ರಿ ನಜೀರಸಾಬ. ಬುಧವಾರದ ಪಟ್ಟಿ ಗೇಟಿಗೆ ಬಂದಿದೆ, ಮೂವತ್ತೊಂದು ಹೆಸರಿವೆ, ನಾಳೆ ಅಮಾಸಿ ಅಲ್ಲವೇ ಎಂದು ಅವರು ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ, ಮಿಲ್ಲಿನವರು ತಮ್ಮ ಜೊತೆ ಮಾತಾಡದೆ ಪದ್ಧತಿ ಬದಲಿಸಿದರೇನೋ ಎಂಬ ಅನುಮಾನ ಅವರ ದನಿಯಲ್ಲಿತ್ತು.

ಗೋಡೆಯ ಮೇಲೆ ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರು ಇನ್ನೂ ಮಾರ್ಚ್ ತೋರಿಸುತ್ತಿತ್ತು. ಕಲ್ಲೇಶ ಎರಡು ಹಾಳೆ ಮಗುಚಿದ. ಬುಧವಾರದ ಮೂಲೆಯಲ್ಲಿ ದುಂಡನೆಯ ಕಪ್ಪು ಚುಕ್ಕೆ ಇತ್ತು. ಅವನು ಕಂಪ್ಯೂಟರಿನ ಲೆಕ್ಕವನ್ನು ಮತ್ತೆ ನೋಡಿದ. ಅದು ಗುರುವಾರ ಎಂದೇ ಹೇಳುತ್ತಿತ್ತು.

ಹಳೆಯ ಪಟ್ಟಿಯನ್ನು ಮರಳಿ ತರುವುದು ಒಂದು ನಿಮಿಷದ ಕೆಲಸ. ತಂದ. ಸದ್ದಿಲ್ಲದೆ ತಂದಿಟ್ಟರೆ ಶೈಲಜಾಳಿಗೆ ಗೊತ್ತಾಗದಿರಲೂಬಹುದು ಎಂಬ ಯೋಚನೆ ಬಂದದ್ದು ನಿಜ. ಸರ್ವರ್ ಕೈಕೊಟ್ಟಿತು ಎಂದರೆ ಮಿಲ್ಲಿನವರು ನಂಬುತ್ತಾರೆ. ಸರ್ವರಿನ ಮೇಲೆ ಎಲ್ಲರಿಗೂ ಮೊದಲೇ ಅನುಮಾನ. ಆದರೂ ಅವನು ಶೈಲಜಾಳಿಗೆ ಫೋನು ಮಾಡಿ ನಡೆದದ್ದನ್ನು ಮೊದಲಿಂದ ಹೇಳಿದ. ಆ ಕಡೆ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು.

"ಮೊದಲ ಆ ಮೂವತ್ತೊಂದು ಮಂದಿ," ಎಂದಳು ಶೈಲಜಾ. "ಉಳಿದದ್ದು ಆಮ್ಯಾಲೆ."

ಒಂದು ಅನುಕೂಲವಿತ್ತು. ಲೆಕ್ಕವು ಗುರುವಾರವನ್ನು ರಜೆ ಎಂದು ತಿಳಿದು ಆ ದಿನಕ್ಕೆ ಯಾರಿಗೂ ಟೋಕನ್ ಇಟ್ಟಿರಲಿಲ್ಲ. ಮೂವತ್ತೊಂದು ಜನವನ್ನೂ ಹಾಗೆಯೇ ಗುರುವಾರಕ್ಕೆ ಸರಿಸಬಹುದಿತ್ತು. ಮೆಸೇಜು ಕಳಿಸಿದರೆ ಸಾಲದು, ಅರ್ಧ ಜನ ಓದುವುದಿಲ್ಲ ಎಂದು ಸುರೇಖಾ ತನ್ನ ಕೆಲಸ ಬದಿಗಿಟ್ಟು ಪಟ್ಟಿಯ ಅರ್ಧವನ್ನು ಎಳೆದುಕೊಂಡಳು. ಇಬ್ಬರೂ ಒಬ್ಬೊಬ್ಬರಿಗೇ ಫೋನು ಮಾಡುತ್ತ ಹೋದರು.

ಹೆಚ್ಚಿನವರು ಆಯ್ತು ಬಿಡ್ರಿ ಎಂದರು. ಕೆಲವರು ನಕ್ಕರು. ಹೇಮಗುಡ್ಡದ ಹತ್ತಿರದ ವಿರುಪಣ್ಣ ಎಂಬ ಹಿರಿಯರು ಮಾತ್ರ, "ತಮ್ಮಾ, ಎಂಟು ವರ್ಷ ಆತು, ನಾವು ಚುಕ್ಕಿ ನೋಡೂದು ಬಿಟ್ಟು ನಿಮ್ಮ ಮೆಸೇಜ ನೋಡ್ತೀವಿ. ಇನ್ನ ಮ್ಯಾಲೆ ಎರಡೂ ನೋಡ್ತೀವಿ ತಗೋ," ಎಂದರು. ಅದರಲ್ಲಿ ಬೈಗುಳ ಏನೂ ಇರಲಿಲ್ಲ. ಕಲ್ಲೇಶನಿಗೆ ಆ ದಿನವಿಡೀ ಆ ಮಾತೇ ಕಿವಿಯಲ್ಲಿ ಉಳಿಯಿತು.

ಮೂರು ಗಂಟೆಯ ಹೊತ್ತಿಗೆ ಮೂವತ್ತು ಹೆಸರು ಮುಗಿದವು. ಉಳಿದದ್ದು ಒಂದು: ಹೊಳಿಯಮ್ಮ, ಊರು ಮರಳಿ, ಮೂವತ್ತೆಂಟು ಚೀಲ. ಕೊಟ್ಟಿದ್ದ ನಂಬರು ಟ್ರ್ಯಾಕ್ಟರಿನ ಅಸ್ಲಮನದು. ಅದು ಬೆಳಗ್ಗೆಯಿಂದ ಹತ್ತುತ್ತಿರಲಿಲ್ಲ. ಪಡುವಲ ಕಡೆ ಮುಂಗಾರಿಗೆ ಮೊದಲಿನ ಮೋಡ ಎದ್ದಿತ್ತು. ಕಲ್ಲೇಶ ಬೈಕು ತೆಗೆದ.

ಮರಳಿಯಲ್ಲಿ ಅವಳ ಮನೆಗೆ ಬೀಗ ಹಾಕಿತ್ತು. ಪಕ್ಕದ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತಿದ್ದ ಪಾರಮ್ಮ ಎಂಬಾಕೆ, ಅವರು ಚೀಲ ಏರಿಸಿಕೊಂಡು ಆಗಲೇ ಹೋದರು ಎಂದು ತಿಳಿಸಿದಳು. ನಾಳೆ ಅಮಾಸಿ, ಊರಿನಲ್ಲಿ ಯಾರೂ ಚೀಲ ಮುಟ್ಟುವುದಿಲ್ಲ, ಅಸ್ಲಮನೂ ಗಾಡಿ ಹೊರಗೆ ತೆಗೆಯುವುದಿಲ್ಲ. ಅದಕ್ಕೇ ಇವತ್ತೇ ಏರಿಸಿ, ಮಿಲ್ಲಿನ ಮುಂದೆ ಟ್ರ್ಯಾಲಿ ಬಿಟ್ಟು ಬೆಳಗ್ಗೆ ಮೊದಲ ಪಾಳಿ ಹಿಡಿಯುವ ಯೋಚನೆ.

ಅವನು ತಿರುಗಿ ಮಿಲ್ಲಿನ ದಾರಿ ಹಿಡಿದ. ಗೇಟಿನ ಮುಂದೆ ಟ್ರ್ಯಾಲಿ ನಿಂತಿತ್ತು. ಅದರ ಗಾಲಿಯ ನೆರಳಲ್ಲಿ ಅರವತ್ತರ ಆಸುಪಾಸಿನ ಹೊಳಿಯಮ್ಮ ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತ ಕುಳಿತಿದ್ದಳು. ಅಸ್ಲಮ ಸತ್ತುಹೋದ ಫೋನನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಗೇಟಿನ ಒಳಗೆ ಬಿಳಿಗಡ್ಡದ ನಜೀರಸಾಬ ಒಬ್ಬರೇ ಇದ್ದರು. ಹಮಾಲರು ಮಧ್ಯಾಹ್ನಕ್ಕೇ ಕೊಕ್ಕೆ ಕೆಳಗಿಟ್ಟು, ನಾಲ್ಕರ ಬಸ್ಸಿಗೆ ತಮ್ಮ ಊರುಗಳಿಗೆ ಹೋಗಿದ್ದರು.

ಕಲ್ಲೇಶ ಹೊಳಿಯಮ್ಮನ ಎದುರು ಕುಕ್ಕರಗಾಲಲ್ಲಿ ಕುಳಿತು, ಟೋಕನ್ ತಪ್ಪಿ ಹೋದದ್ದನ್ನು, ನಿಜವಾದ ದಿನ ಗುರುವಾರ ಎಂಬುದನ್ನು ಹೇಳಿದ. ಅವಳು ಪೂರ್ತಿ ಕೇಳಿದಳು.

"ನನಗೂ ಗೊತ್ತಿತ್ತೋ ಯಪ್ಪಾ, ನಾಳಿ ಅಮಾಸಿ ಅಂತ. ಮೆಸೇಜ ಬಂದೈತಿ ಅಂದ್ಮ್ಯಾಲೆ ಮಿಲ್ಲಿನಾಗ ಏನೋ ಬ್ಯಾರೆ ಮಾಡ್ಯಾರ ಅನ್ಕೊಂಡ್ನಿ," ಎಂದಳು. "ನನಗ ಗೊತ್ತಿದ್ದದ್ದ ಬಿಟ್ಟು ಅದನ್ನ ನಂಬಿದ್ನಿ ನೋಡು," ಎಂದು ಸೇರಿಸಿದಳು. ತನ್ನದೇ ತಪ್ಪೆಂಬಂತೆ ಹೇಳಿದಳು.

ಮೋಡ ಹತ್ತಿರವಾಗುತ್ತಿತ್ತು. ಟ್ರ್ಯಾಲಿಯ ಮೇಲೆ ತಾಡಪತ್ರಿ ಇತ್ತಾದರೂ ಹಳೆಯದು, ನಾಲ್ಕಾರು ತೂತು. ಕಲ್ಲೇಶ ನಜೀರಸಾಬರ ಬಳಿ ಹೋಗಿ, ಮೂವತ್ತೆಂಟೇ ಚೀಲ, ತಾನೂ ಅಸ್ಲಮನೂ ಸೇರಿ ಇಳಿಸಿಬಿಡುತ್ತೇವೆ, ಅವಳು ಮಳೆಗೆ ಸಿಕ್ಕಿಕೊಳ್ಳುವುದು ಬೇಡ ಎಂದ. ನಜೀರಸಾಬ ಅವನ ಕೈಗಳನ್ನು ನೋಡಿದರು.

"ಬ್ಯಾಡ ತಮ್ಮಾ. ಈ ಅಂಗಳದಾಗ ಚೀಲಕ್ಕ ಹಮಾಲನ ಕೈ ಬಿಟ್ರ ಬ್ಯಾರೆ ಕೈ ಹತ್ತಂಗಿಲ್ಲ. ಇವತ್ತ ನೀ ಎತ್ತಿದಿ ಅಂದ್ರ, ನಾಳಿ ಮಾಲೀಕರು ಮತ್ತ ಯಾರ ಕಡೆನರ ಎತ್ತಸ್ತಾರ. ಟ್ರ್ಯಾಲಿ ಒಳಗ ಬರ್ಲಿ. ಶೆಡ್ಡಿನ ಕೆಳಗ ನಿಂದ್ರಲಿ. ಗುರುವಾರ ಮೊದಲ ಈಕೀದ ಇಳಸ್ತೀವಿ."

ಅಸ್ಲಮ ಗಾಡಿ ಶುರುಮಾಡಿ ಟ್ರ್ಯಾಲಿಯನ್ನು ಶೆಡ್ಡಿನ ಕೆಳಗೆ ಬಿಟ್ಟ. ಹೊಳಿಯಮ್ಮ ಒಳಗೆ ಹೋಗಿ ಮೇಲಿನ ತಗಡನ್ನು ಪರೀಕ್ಷಿಸಿ, ಬೆಳಕು ಕಾಣುವ ತೂತೊಂದರ ಕೆಳಗಿನಿಂದ ಟ್ರ್ಯಾಲಿಯನ್ನು ಎರಡು ಮೊಳ ಮುಂದೆ ಎಳೆಸಿದಳು. ಕಲ್ಲೇಶ ಗೇಟಿನ ಬಳಿಯೇ ನಿಂತಿದ್ದ. ನಜೀರಸಾಬ ಕಲ್ಲುಬೆಂಚಿನ ಮೇಲೆ ಕುಳಿತು ಪಕ್ಕದಲ್ಲಿ ಜಾಗ ತೋರಿಸಿದರು.

"ಪಟ್ಟಿ ಯಾರು ತೆಗದ್ರು? ಶೈಲವ್ವ ತಗಿಯಂಗಿಲ್ಲ."

"ನಾನ ತೆಗದ್ನಿ ಮೇಸ್ತ್ರೀ. ಕಂಪ್ಯೂಟರ್ ಲೆಕ್ಕದಾಗ ಅಮಾಸಿ ಗುರುವಾರ ಬಂತು."

"ಗುರುವಾರ ಎಷ್ಟೊತ್ತಿಗೆ?"

"ಬೆಳಗಿನ ಜಾವ ನಾಲ್ಕೂವರಿಗಿ."

ನಜೀರಸಾಬ ತಲೆಯಾಡಿಸಿದರು. "ಖರೆ ಐತಿ ನಿನ್ನ ಲೆಕ್ಕ. ಆದ್ರ ಅದು ಅಮಾಸಿ ಮುಗಿಯೂ ಹೊತ್ತು. ಬುಧವಾರ ಸೂರ್ಯ ಹುಟ್ಟೂ ಹೊತ್ತಿಗೆ ಅಮಾಸಿ ಇರತೈತಿ, ಗುರುವಾರ ಹುಟ್ಟೂ ಹೊತ್ತಿಗೆ ಇರಂಗಿಲ್ಲ. ಸೂರ್ಯ ಯಾವತ್ತ ನೋಡ್ತಾನ, ಅವತ್ತ ಅಮಾಸಿ. ಮೂವತ್ತು ವರ್ಷ ಆತು, ಹೀಂಗ ಹಿಡದೀವಿ."

ಕಲ್ಲೇಶ ಮನಸ್ಸಿನಲ್ಲೇ ತಪ್ಪಿದ್ದ ಮೂರು ತಾರೀಕುಗಳನ್ನು ತಂದುಕೊಂಡ. ಮೂರರಲ್ಲೂ ಆ ಕ್ಷಣ ಬಿದ್ದದ್ದು ಸೂರ್ಯೋದಯಕ್ಕೆ ಮೊದಲೇ: ನಾಲ್ಕೂವರೆ, ಎರಡು, ಐದಕ್ಕೆ ಹತ್ತು ನಿಮಿಷ ಬಾಕಿ. ಹೊಂದಿದ್ದ ಒಂಬತ್ತರಲ್ಲಿ ಸೂರ್ಯೋದಯದ ನಂತರ. ಒಂದೇ ಕಡೆ ವಾಲಿದ್ದಕ್ಕೆ ಕಾರಣ ಇತ್ತು, ಇಷ್ಟು ಸರಳವಾಗಿತ್ತು. ತಿಳಿದುಕೊಳ್ಳಲು ಒಂದು ಪ್ರಶ್ನೆ ಸಾಕಾಗಿತ್ತು.

"ಮಳಿಗಾಲದಾಗಿಂದು ಒಂದು ತಾರೀಕಿತ್ತಲ್ಲ," ಎಂದರು ನಜೀರಸಾಬ. "ಹದಿನೇಳು. ಅದೂ ಹೋತೇನು?"

ಕಲ್ಲೇಶ, ಅದೂ ಹೋಗಿತ್ತು, ಈಗ ಮರಳಿ ಹಾಕಿದ್ದೇನೆ ಎಂದ. ಅದು ಅಮಾವಾಸ್ಯೆ ಅಲ್ಲದ್ದರಿಂದ ತಪ್ಪಿ ಸೇರಿದ್ದು ಎಂದುಕೊಂಡೆ ಎಂಬುದನ್ನೂ ಹೇಳಿದ.

ಮುದುಕರು ಶೆಡ್ಡಿನ ಆಚೆಯ ಗೋದಾಮಿನ ಕಡೆ ನೋಡುತ್ತ ನಿಧಾನವಾಗಿ ಹೇಳಿದರು. ಅಂದಪ್ಪ ಎಂಬ ಹಮಾಲನಿದ್ದ, ಯಲಬುರ್ಗಾ ಕಡೆಯವನು. ಆರು ವರ್ಷದ ಹಿಂದೆ ಜುಲೈ ಹದಿನೇಳರಂದು, ಇದೇ ಗೋದಾಮಿನಲ್ಲಲ್ಲ, ಆಗ ಇವರೆಲ್ಲ ಕೆಲಸಕ್ಕಿದ್ದ ಇನ್ನೊಂದು ಕಡೆ, ಪೇರಿಸಿದ್ದ ಚೀಲಗಳು ಜಾರಿ ಅವನ ಮೇಲೆ ಬಿದ್ದವು. ಮಾರನೆಯ ವರ್ಷ ಆ ದಿನ ಯಾರೂ ಹೇಳದೆಯೇ ಒಬ್ಬರೂ ಕೆಲಸಕ್ಕೆ ಬರಲಿಲ್ಲ. ಆ ಮೇಲಿನ ವರ್ಷವೂ ಬರಲಿಲ್ಲ. ಇಲ್ಲಿಗೆ ಬಂದ ಮೇಲೆ ಮಾಲೀಕರಿಗೆ ತಿಳಿಸಿದರು. ಅವರು ಬೇಡ ಅನ್ನಲಿಲ್ಲ. ಯುಗಾದಿಗೆ ತಾರೀಕು ಕೇಳಲು ಬಂದ ಶೈಲವ್ವನಿಗೆ ಅಮಾಸಿಗಳ ಜೊತೆ ಅದನ್ನೂ ಬರೆಸಿದರು.

"ಆಕಿ ಯಾಕಂತ ಕೇಳಿದ್ಲು. ಹೇಳಿದ್ನಿ. ಬರಕೊಂಡು ಹೋದ್ಲು," ಎಂದು ನಜೀರಸಾಬ ಎದ್ದರು. "ಅದು ಯಾ ಲೆಕ್ಕದಾಗೂ ಸಿಗಂಗಿಲ್ಲ ತಮ್ಮಾ. ಕೇಳಬೇಕು."

ನಾಲ್ಕು ಹನಿ ಬಿದ್ದವು, ದಪ್ಪ ಹನಿ. ಕಲ್ಲೇಶ ಹೊಳಿಯಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮರಳಿಗೆ ಬಿಟ್ಟ. ದಾರಿಯಲ್ಲಿ ಮಳೆ ನಿಂತಿತು. ಇಳಿಯುವಾಗ ಅವಳು ತೂಕದ ಚೀಟಿಯಲ್ಲಿ ತನ್ನ ಹೆಸರಿನ ಅಕ್ಷರ ಭಾಳ ಸಣ್ಣದಾಗುತ್ತದೆ, ಅಸ್ಲಮನಿಗೂ ಓದಲು ಬರುವುದಿಲ್ಲ ಎಂದು ದೂರಿದಳು. ಗುರುವಾರ ಬೆಳಗ್ಗೆ ಎಂಟಕ್ಕೆ ಅವನು ಮತ್ತೆ ಗೇಟಿಗೆ ಹೋದ. ಮೊದಲ ಚೀಲ ಇಳಿದದ್ದು ಅವಳದೇ. ಮೂವತ್ತೆಂಟೂ ಒಣಗಿದ್ದವು.

ಶನಿವಾರ ಶೈಲಜಾ ತನ್ನ ಮೇಜನ್ನು ಖಾಲಿ ಮಾಡುತ್ತಿದ್ದಳು. ಕೀಬೋರ್ಡನ್ನು ಬೋರಲು ಹಾಕಿ ಎರಡು ಸಲ ಬಡಿದಾಗ ಬೂದಿಯೂ ನಾಲ್ಕು ಅಕ್ಕಿಕಾಳೂ ಉದುರಿದವು. ಪ್ರಭುರಾಜ ಬೆಳಗ್ಗೆ ಬಂದು, ಹೈದರಾಬಾದಿನವರಿಗೆ ಸಂಜೆಯೊಳಗೆ ಉತ್ತರ ಕೊಡಬೇಕೆಂದಷ್ಟೇ ಹೇಳಿ ಕುಷ್ಟಗಿಗೆ ಹೋಗಿದ್ದ. ಫೋನು ಅವಳ ಎದುರಿಗೇ ಇತ್ತು. ಕಲ್ಲೇಶ ಅದರ ಕಡೆ ನೋಡದಿರಲು ಯತ್ನಿಸುತ್ತಿದ್ದ.

ಸುರೇಖಾ ವಾತಾವರಣ ತಿಳಿಯಾಗಿಸಲು ಅಳಿಯನನ್ನು ಎಳೆತಂದಳು. ಅಳಿಯನದು ತಪ್ಪಿಲ್ಲ ಅಕ್ಕಾರ, ನಾವು ಮನೆಯ ಪದ್ಧತಿ ಹೇಳಿಕೊಡಲಿಲ್ಲ ಎಂದಳು. ಶೈಲಜಾ ನಗಲಿಲ್ಲ, ಅಲ್ಲಗಳೆಯಲೂ ಇಲ್ಲ. ಕುರ್ಚಿಯನ್ನು ಕಲ್ಲೇಶನ ಕಡೆ ತಿರುಗಿಸಿದಳು.

"ಮೂರೂ ಒಂದ ಕಡೆ ಸರದಿದ್ವು. ನೋಡಿದ್ದೇನು?"

"ನೋಡಿದ್ನಿರಿ ಅಕ್ಕಾರ."

"ನೋಡಿ?"

"ನಿಮ್ಮ ಕೈತಪ್ಪು ಅನ್ಕೊಂಡ್ನಿ."

ನೋಡಲೇ ಇಲ್ಲ ಎಂದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅದು ಮೂವರಿಗೂ ಗೊತ್ತಿತ್ತು. ಶೈಲಜಾ ತನ್ನ ತಪ್ಪನ್ನೂ ಹೇಳಿದಳು. ಹದಿನೇಳನೇ ತಾರೀಕು ಬರೆಯುವಾಗ ಪಕ್ಕದಲ್ಲಿ ಒಂದು ಸಾಲು ಬರೆಯಬೇಕೆಂದು ತನಗೂ ಅನ್ನಿಸಿತ್ತು. ಪ್ರೋಗ್ರಾಮಿನ ನಡುವೆ ಸತ್ತವನ ಹೆಸರು ಬರೆಯುವುದು ಹೇಗೋ ಅನ್ನಿಸಿ ಕೈ ಹಿಂದೆ ಬಂತು. ಅಮಾವಾಸ್ಯೆಯದನ್ನಂತೂ ಬರೆಯಬೇಕೆಂದು ಹೊಳೆಯಲೇ ಇಲ್ಲ; ಹಗಲು ಬೆಳಕಿರುತ್ತದೆ ಎಂದು ಯಾರಾದರೂ ಬರೆದಿಡುತ್ತಾರೆಯೇ.

"ಬರಿ ಈಗ," ಎಂದಳು. "ನನ್ನ ಮುಂದ ಬರಿ."

ಕಲ್ಲೇಶ ಪಟ್ಟಿಯ ಜಾಗವನ್ನು ತೆರೆದ. ಇಂಗ್ಲಿಷಿನಲ್ಲಿ ಶುರುಮಾಡಿ ಅಳಿಸಿದ. ಕನ್ನಡದಲ್ಲಿ ಬರೆದ:

"ಈ ದಿನಗಳಲ್ಲಿ ಹಮಾಲರು ಚೀಲ ಎತ್ತುವುದಿಲ್ಲ. ಹನ್ನೆರಡು ಅಮಾವಾಸ್ಯೆ: ಸೂರ್ಯೋದಯದ ಹೊತ್ತಿಗೆ ಅಮಾವಾಸ್ಯೆ ಇರುವ ದಿನ, ಮುಗಿಯುವ ದಿನ ಅಲ್ಲ. ಜುಲೈ ೧೭ ಅಂದಪ್ಪ ತೀರಿಕೊಂಡ ದಿನ. ಪ್ರತಿ ಯುಗಾದಿಗೆ ಮೇಸ್ತ್ರಿ ನಜೀರಸಾಬರನ್ನು ಕಂಡು ಹೊಸ ಪಟ್ಟಿ ತರಬೇಕು. ಅವರನ್ನು ಕೇಳದೆ ಯಾವುದನ್ನೂ ತೆಗೆಯಬಾರದು."

ಶೈಲಜಾ ಅವನ ಹೆಗಲ ಹಿಂದೆ ನಿಂತು ಓದಿದಳು. ಹಮಾಲರು ಎಂಬಲ್ಲಿ ಮಿಲ್ಲಿನ ಹಮಾಲರು ಎಂದು ಮಾಡಿಸಿದಳು. ಆಮೇಲೆ, ಟೂಲನ್ನು ಕೇಳು, ಪ್ರೋಗ್ರಾಮಿನಲ್ಲಿ ಏನೇನು ತಿದ್ದಬಹುದು ಎಂದು ಕೇಳು ಎಂದಳು. ಕಲ್ಲೇಶ ಕೇಳಿದ. ಅದು ಪ್ರೋಗ್ರಾಮನ್ನೆಲ್ಲ ಓದಿ ಹತ್ತು ಕಡೆ ತಿದ್ದುಪಡಿ ಸೂಚಿಸಿತು. ಹದಿಮೂರು ತಾರೀಕುಗಳ ಬಳಿ, ಇವನ್ನು ಮುಟ್ಟಿಲ್ಲ ಎಂದಿತ್ತು. ಕೆಳಗೆ ಇನ್ನೂ ಒಂದು ಸಾಲಿತ್ತು: ಬೇರೆ ದಿನಗಳೂ ಇವೆಯೇ ಎಂಬುದು ನನಗೆ ಗೊತ್ತಿಲ್ಲ, ನಜೀರಸಾಬರನ್ನು ಕೇಳುವುದು ಒಳ್ಳೆಯದು.

"ಅಂತೂ ಅಳಿಯಾ ಗೊತ್ತಿಲ್ಲ ಅಂದ," ಎಂದಳು ಸುರೇಖಾ.

ಈಗ ಶೈಲಜಾ ನಕ್ಕಳು. ಚೀಲದ ಜಿಪ್ಪು ಎಳೆದಳು. ಆಗಲೇ ಫೋನು ಬಡಿದುಕೊಂಡಿತು. ಅಭ್ಯಾಸದಂತೆ ಅವಳ ಕೈ ಅದರತ್ತ ಹೋಯಿತು. ಎತ್ತಿಕೊಂಡಳು, ಆದರೆ ಗುಂಡಿ ಒತ್ತಲಿಲ್ಲ. ಬಡಿಯುತ್ತಿದ್ದ ಫೋನನ್ನು ಕಲ್ಲೇಶನ ಅಂಗೈಯಲ್ಲಿಟ್ಟಳು.

"ಭಾಳ ಹೊತ್ತು ಬಡಿಯಾಕ ಬಿಡಬ್ಯಾಡ. ಮಂದಿ ಬಿಸಲಾಗ ನಿಂತು ಮಾಡ್ತಿರ್ತಾರ."

ಕಲ್ಲೇಶ ಕಿವಿಗಿಟ್ಟುಕೊಂಡ. ಮರಳಿಯ ಹೊಳಿಯಮ್ಮ, ಪಾರಮ್ಮನ ಫೋನಿನಿಂದ. ಚೀಟಿಯ ಅಕ್ಷರ ದೊಡ್ಡದಾಯಿತೇ ಎಂದು ಕೇಳುತ್ತಿದ್ದಳು. ಅವನು ಪೆನ್ನಿಗಾಗಿ ತಡಕಾಡಿದ. ಸುರೇಖಾ ತನ್ನದನ್ನು ಅವನ ಕಡೆ ಉರುಳಿಸಿದಳು.